ಘಾಟಿ ಇಳಿದ ಗಾಡಿಯ ನಾಡಿ ಹಿಡಿಯುವ ದ್ರಾಂದೆ

ಇಗರ್ಜಿಯ ಮೊದಲ ಗಂಟೆ ಇನ್ನೂ ಬಾರಿಸಿಲ್ಲ. ಬೆಳಕು ಘಾಟಿಯ ನೆತ್ತಿಯನ್ನಷ್ಟೇ ಮುಟ್ಟಿದೆ. ಬುಡದಲ್ಲಿರುವ ಗುರಿಬಾರ್ಧ ಊರು ನೆರಳನ್ನು ಹೊದ್ದು ಮಲಗಿದೆ. ಮೇಲಿನ ತಿರುವಿನಿಂದ ಬಿಳಿ ವ್ಯಾನೊಂದು ಇಳಿದು ಬರುತ್ತಿದೆ. ಓಡಿಸುತ್ತಿರುವವರು ಜೋವಲಿನ್, ಮೇಲಿನ ಹಳ್ಳಿಗಳ ಜನರನ್ನು ದಿನಾ ಶ್ಕೋದ್ರಾ ಪೇಟೆಗೆ ಇಳಿಸುವ ಡ್ರೈವರ್. ಇವತ್ತು ಹಿಂದೆ ಕೂತ ನನ್ನನ್ನು ಬಿಟ್ಟರೆ ಪ್ರಯಾಣಿಕರಿಲ್ಲ. ಪಕ್ಕದ ಸೀಟಿನಲ್ಲಿ ಕಪ್ಪು ತಲೆವಸ್ತ್ರದ, ಅರವತ್ತರ ಹತ್ತಿರದ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ಒಂದು ಅಂಗೈ ಮುಂದಿನ ಹಲಗೆಯ ಮೇಲೆ, ಇನ್ನೊಂದು ಸೀಟಿನ ಅಂಚಿನ ಮೇಲೆ.

“ನಿದ್ದೆ ಬಂತೇನಕ್ಕ?”

“ಮಾತಾಡ್ಬೇಡ ಜೋವಲಿನ್. ಬ್ರೇಕ್ ಒತ್ತು. ತುಳೀಬೇಡ, ಒತ್ತಿ ಹಿಡ್ಕೋ.”

ವ್ಯಾನ್ ನಿಧಾನವಾಗುತ್ತದೆ. ಹೆಂಗಸಿನ ಬಲಗಾಲೂ ತನ್ನಷ್ಟಕ್ಕೆ ನೆಲವನ್ನು ಒತ್ತುತ್ತದೆ, ಅಲ್ಲಿ ಪೆಡಲ್ ಇಲ್ಲದಿದ್ದರೂ. ಜೋವಲಿನ್ ಕನ್ನಡಿಯಲ್ಲಿ ನನ್ನನ್ನು ನೋಡಿ ನಗುತ್ತಾರೆ. “ನೋಡಿ, ನನ್ನ ಜೊತೆ ಇವರೂ ಬ್ರೇಕ್ ಹಾಕ್ತಾರೆ. ಇವರನ್ನ ಕೂರಿಸ್ಕೊಂಡ್ರೆ ಗಾಡಿಗೆ ಎರಡು ಪಟ್ಟು ಬ್ರೇಕು!”

ಹೆಂಗಸು ಕಣ್ಣು ತೆರೆಯುವುದು ತಗಡಿನ ಶೆಡ್ಡಿನ ಮುಂದೆ ಗಾಡಿ ನಿಂತ ಮೇಲೆ. ಇವರು ದ್ರಾಂದೆ. ಘಾಟಿ ಇಳಿಯುವ ಗಾಡಿಗಳ ಬ್ರೇಕ್ ಡಿಸ್ಕುಗಳು ಸವೆದಿವೆಯೋ, ಸೊಟ್ಟಗಾಗಿವೆಯೋ, ಇನ್ನೂ ಎಷ್ಟು ಬಾಳುತ್ತವೆಯೋ ಎಂದು ನೋಡಿ ಹೇಳುವುದು ಇವರ ಕೆಲಸ. ಶೆಡ್ಡಿಗೆ ಫಲಕವಿಲ್ಲ. ರಸ್ತೆಯಿಂದ ನೋಡಿದರೆ ಶೆಡ್ಡೂ ಕಾಣುವುದಿಲ್ಲ. ಕಾಣುವುದು ಅದರ ಮುಂದೆ ದ್ರಾಂದೆಯ ತಮ್ಮ ಕೋಲ ನಡೆಸುವ ಗಾಡಿ ತೊಳೆಯುವ ಕಟ್ಟೆ, ಅದರ ಚಪ್ಪರದ ಕಾಫಿ ಮೇಜುಗಳು, ಬೆಟ್ಟದ ಊಟೆಯಿಂದ ಹಗಲೂ ರಾತ್ರಿ ಚಿಮ್ಮುವ ನೀರಿನ ಪೈಪು.

ದ್ರಾಂದೆ ಜ್ಯಾಕ್ ಏರಿಸುತ್ತಾರೆ, ಮುಂದಿನ ಚಕ್ರ ಬಿಚ್ಚಿ ಗೋಡೆಗೆ ಒರಗಿಸುತ್ತಾರೆ. ಒಳಗಿನ ಡಿಸ್ಕ್ ಹೊರಬರುತ್ತದೆ, ಕಬ್ಬಿಣದ ತಟ್ಟೆಯ ಹಾಗೆ, ಇನ್ನೂ ಕಾವು ಬಿಡುತ್ತಾ. ಮುಳ್ಳಿರುವ ಅಳತೆಯ ಡಯಲ್ ಮೇಜಿನ ಮೇಲೆ ಸಿದ್ಧವಾಗಿದೆ. ಆದರೆ ಅವರು ಅದನ್ನು ಮುಟ್ಟುವುದಿಲ್ಲ. ಮಣೆ ಎಳೆದುಕೊಂಡು ಕೂರುತ್ತಾರೆ.

“ಆರಲಿ. ಬಿಸಿ ಇದ್ದಾಗ ಅಳೆದ್ರೆ ಡಿಸ್ಕು ಸುಳ್ಳು ಹೇಳುತ್ತೆ.”

ಶೆಡ್ಡಿನ ಬಾಗಿಲಾಚೆ ಕೋಲ ಕೈಕಟ್ಟಿ ನಿಂತಿದ್ದಾರೆ. ಒಳಗೆ ಬರುವುದಿಲ್ಲ. ಈಸ್ಟರಿಗೆ ಮೊದಲು ಅಕ್ಕ ತಮ್ಮನ ನಡುವೆ ಒಂದು ಜಗಳವಾಯಿತು, ಒಂದು ಒಪ್ಪಂದವೂ ಆಯಿತು. ಆ ಒಪ್ಪಂದದ ಗಡುವು ಇವತ್ತು, ಸಂತ ಅಂತೋನಿಯ ಜಾತ್ರೆಗೆ ಲಾಚ್ ಬೆಟ್ಟಕ್ಕೆ ಜನ ಹೊರಡುವ ಮುನ್ನಾದಿನ. ಈ ಡಿಸ್ಕ್ ಸಮ ಇದ್ದರೆ ದ್ರಾಂದೆಯ ಮಾತು ನಿಂತಿತು. ಸೊಟ್ಟಗಾಗಿದ್ದರೆ ಅವರು ಡಿಸ್ಕುಗಳನ್ನು ಕೆತ್ತಿ ಸಮಮಾಡುವ ತಮ್ಮ ಲೇತ್ ಯಂತ್ರಕ್ಕೆ ಬಟ್ಟೆ ಹೊದಿಸಿ ಶೆಡ್ಡಿನ ಬಾಗಿಲು ಹಾಕಬೇಕು. ಹಾಗಂತ ಅವರೇ ಮಾತು ಕೊಟ್ಟಿದ್ದಾರೆ. ನಮ್ಮ ಕಡೆ ಕೊಟ್ಟ ಮಾತನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ.

ಡಿಸ್ಕ್ ಆರಲು ಹೊತ್ತಿದೆ. ಕಾಫಿ ಬರುತ್ತದೆ. ದ್ರಾಂದೆ ಮಾತಿಗೆ ಸಿಗುವುದು ಇಂಥ ಹೊತ್ತಿನಲ್ಲೇ.

ಅವರು ಲೇತಿನ ಮುಂದೆ ಮೊದಲು ನಿಂತದ್ದು ಹುಡುಗಿಯಾಗಿದ್ದಾಗ, ಸರ್ಕಾರದ ಟ್ರ್ಯಾಕ್ಟರ್ ಠಾಣೆಯಲ್ಲಿ. ಆಗ ಯಾರು ಏನು ಕಲಿಯಬೇಕೆಂದು ಮೇಲಿನವರೇ ಬರೆದು ಕಳಿಸುತ್ತಿದ್ದರು. ಗೆಳತಿಗೆ ಹೊಲಿಗೆ ಬಂತು, ಇವರಿಗೆ ಕಬ್ಬಿಣ. “ಮೊದಲ ದಿನ ಅತ್ತುಬಿಟ್ಟೆ. ಎರಡನೇ ದಿನ ಲೇತಿನಿಂದ ಕಬ್ಬಿಣದ ಸುರುಳಿ ಸೇಬಿನ ಸಿಪ್ಪೆ ತರ ಬಿಚ್ಕೊಂಡು ಬಂತಲ್ಲ, ಅವತ್ತಿಂದ ಅಳು ಮರೆತುಹೋಯ್ತು” ಎನ್ನುತ್ತಾರೆ. ಆ ಸರ್ಕಾರ ಬಿದ್ದಾಗ ಠಾಣೆಯೂ ಬಿತ್ತು. ಟ್ರ್ಯಾಕ್ಟರುಗಳು ಗುಜರಿಗೆ ಹೋದವು. ಲೇತನ್ನು ಮಾತ್ರ ಯಾರಿಂದಲೂ ಎತ್ತಲಾಗಲಿಲ್ಲ. ಅದು ಆಡಿನ ಕೊಟ್ಟಿಗೆಯಾದ ಕಟ್ಟಡದಲ್ಲಿ ವರ್ಷಗಟ್ಟಲೆ ನಿಂತಿತ್ತು. ಗಂಡ ಎದೆನೋವಿನಲ್ಲಿ ತೀರಿಕೊಂಡ ಮೇಲೆ ದ್ರಾಂದೆ ಮೇಲಿನ ಹಳ್ಳಿಯಿಂದ ತವರಿಗೆ ಬಂದರು. ಮಕ್ಕಳಿರಲಿಲ್ಲ. ತಮ್ಮ ಕೋಲ ಒಂದು ಮಾತು ಕೇಳದೆ ಕಟ್ಟೆಯ ಹಿಂದೆ ಜಾಗ ಕೊಟ್ಟರು. ಅಷ್ಟೇ ಅಲ್ಲ, ಸ್ನೇಹಿತರನ್ನು ಸೇರಿಸಿ ಆ ಲೇತನ್ನು ಎಳೆದು ತಂದು ನಿಲ್ಲಿಸಿದರು.

ಇದನ್ನು ಹೇಳುವಾಗ ದ್ರಾಂದೆ ಬಾಗಿಲ ಕಡೆ ನೋಡುತ್ತಾರೆ. “ಅವನ ನೆಲದ ಮೇಲೆ ನಿಂತು ಅವನ ವಿರುದ್ಧ ಮಾತಾಡ್ಬೇಕಾಗಿ ಬಂತು. ಅದಕ್ಕಿಂತ ಕಷ್ಟದ ಕೆಲಸ ಈ ಕೈ ಮಾಡಿಲ್ಲ.”

ಮೊದಮೊದಲು ಡ್ರೈವರುಗಳು ತರುತ್ತಿದ್ದದ್ದು ಮಾಂಸ ಅರೆಯುವ ಯಂತ್ರದ ಬ್ಲೇಡು, ಬಾವಿಯ ರಾಟೆ. ಡಿಸ್ಕ್ ತಂದವರಲ್ಲಿ ಮೊದಲಿಗರು ಜೋವಲಿನ್. ಅದೂ ಹಿಮ ಬಿದ್ದು ಪೇಟೆಯ ದಾರಿ ಮುಚ್ಚಿದ್ದರಿಂದ. “ನಾನು ಕೇಳಿದ್ದೆ, ಅಕ್ಕ, ಇದು ಡಿಸ್ಕು, ಲಟ್ಟಿಸೋ ರೊಟ್ಟಿ ಅಲ್ಲ ಅಂತ. ಅದಕ್ಕೆ ಇವರು ಏನಂದ್ರು ಗೊತ್ತಾ? ನಿನ್ನ ಹೆಂಡತಿ ರೊಟ್ಟಿ ಇಷ್ಟು ಸೊಟ್ಟಗಿದ್ರೆ ನೀನು ತಿಂತಿದ್ಯಾ ಅಂದ್ರು!”

ಗಾಡಿ ನಡುಗಿತೆಂದರೆ ಎಲ್ಲರೂ ಡಿಸ್ಕನ್ನೇ ದೂರುತ್ತಾರೆ. ದ್ರಾಂದೆಗೆ ಅದು ಇಷ್ಟವಿಲ್ಲ. “ಮೊದಲು ಕೂತು ಕೇಳ್ಬೇಕು. ಬ್ರೇಕ್ ಹಾಕ್ದಾಗ ಸ್ಟೇರಿಂಗ್ ನಡುಗಿದ್ರೆ ಮುಂದಿನ ಚಕ್ರ. ಕೂತ ಜಾಗ ನಡುಗಿದ್ರೆ ಹಿಂದಿಂದು. ಬ್ರೇಕ್ ಹಾಕದೆನೇ ನಡುಗಿದ್ರೆ ಡಿಸ್ಕಿಗೆ ಯಾಕೆ ಬೈತೀರಿ, ಟೈರ್ ನೋಡಿ.” ಆಮೇಲೆ ಬೆರಳು. ಡಿಸ್ಕಿನ ಮೈ ಸವೆದಿದ್ದರೆ ಬ್ರೇಕಿನ ಪ್ಯಾಡ್ ತಾಗದ ಹೊರ ಅಂಚು ದಿಣ್ಣೆಯಂತೆ ಉಳಿದಿರುತ್ತದೆ. ಉಗುರು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಓರೆ ಬೆಳಕಿನಲ್ಲಿ ನೋಟ: ನೀಲಿ ಕಲೆ ಕಂಡರೆ ಅತಿಯಾಗಿ ಕಾದಿದೆ, ಕೂದಲಿನಂಥ ಗೆರೆ ಕಂಡರೆ ಬಿರುಕು, ಅದಕ್ಕೆ ಮದ್ದಿಲ್ಲ. ಕೊನೆಗೆ ಅಳತೆ. ಎಷ್ಟು ತೆಳುವಾಗಬಹುದೆಂದು ಡಿಸ್ಕಿನ ಮೈಮೇಲೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾದದ್ದನ್ನು ಯಾರು ಎಷ್ಟು ಬೇಡಿದರೂ ಇವರು ಲೇತಿಗೆ ಏರಿಸುವುದಿಲ್ಲ.

ಎಷ್ಟೋ ಡಿಸ್ಕುಗಳನ್ನು ಅವರು ಕೆಲಸವಿಲ್ಲದೆ ವಾಪಸು ಕಳಿಸಿದ್ದಾರೆ. ಡಿಸ್ಕ್ ಕೂರುವ ಹಬ್ಬಿನ ಮೇಲೆ ಒಂದು ಚೂರು ತುಕ್ಕು ಸಿಕ್ಕಿಕೊಂಡಿದ್ದರೆ ಸಾಕು, ನೆಟ್ಟಗಿರುವ ಡಿಸ್ಕೂ ಓಲಾಡುತ್ತದೆ. “ಕಾಲಿಗೆ ಕಲ್ಲು ಸಿಕ್ಕವನನ್ನ ಕುಂಟ ಅನ್ನಬಾರದು. ಕಲ್ಲು ತೆಗೆದು ನೋಡ್ಬೇಕು.”

ಹೀಗೆ ಹೆಸರು ಬಂತು. ಬಂದ ಹೆಸರು ಹೋಗುವ ಹಾಗೂ ಆಯಿತು.

ಕಳೆದ ಬೇಸಿಗೆಯಿಂದ ಇವರು ಸಮಮಾಡಿ ಕೊಟ್ಟ ಡಿಸ್ಕುಗಳು ಬೇಗಬೇಗ ಮರಳಿ ಬರತೊಡಗಿದವು, ಮತ್ತೆ ನಡುಗುತ್ತಾ. ಹೊಸ ಡಿಸ್ಕ್ ಹಾಕಿದರೂ ಅದೇ ಕತೆ. ಚಪ್ಪರದ ಕೆಳಗಿನ ಮೇಜುಗಳಲ್ಲಿ ಮಾತು ಹುಟ್ಟಿತು: ಮುದುಕಿಯ ಕಣ್ಣು ಹೋಯ್ತು, ಲೇತು ಆಡಿನ ಕೊಟ್ಟಿಗೆಯಲ್ಲಿ ಕೊಳೆತದ್ದಲ್ವಾ. ಜೋವಲಿನ್ ಕೂಡ ಎಲ್ಲರೆದುರು, “ಅಕ್ಕ, ಇನ್ಮೇಲೆ ಪೇಟೆಗೇ ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಹಿಂದೆ ಹೆಂಗಸರು ಮಕ್ಕಳು ಕೂತಿರ್ತಾರೆ” ಎಂದರು. ದ್ರಾಂದೆ ಬೇಸರ ಮಾಡಿಕೊಳ್ಳಲಿಲ್ಲ. “ಅವನು ಹೇಳಿದ್ದು ಸರಿ ಇತ್ತು. ಹಿಂದೆ ಕೂತವರಿಗೆ ಬ್ರೇಕಿಲ್ಲ ನೋಡಿ. ಅವರು ನಮ್ಮನ್ನ ನಂಬಿ ಕೂತಿರ್ತಾರೆ.”

ಅವರು ಲೇತನ್ನು ಬಿಚ್ಚಿ ಜೋಡಿಸಿದರು. ಡಯಲನ್ನು ಪೇಟೆಗೆ ಕಳಿಸಿ ಸರಿಯಿದೆಯೆಂದು ಖಚಿತ ಮಾಡಿಕೊಂಡರು. ಹಬ್ಬುಗಳನ್ನು ಕನ್ನಡಿಯಂತೆ ಉಜ್ಜಿದರು. ನಡುಕ ನಿಲ್ಲಲಿಲ್ಲ. ಒಂದೇ ಒಂದು ಗಾಡಿಗೆ ಈ ರೋಗವಿರಲಿಲ್ಲ, ಹಾಲು ಸಾಗಿಸುವ ಪಾಷ್ಕನದು. ಅದೇ ಘಾಟಿ, ಅದೇ ತಿರುವು, ತುಂಬಿದ ಕ್ಯಾನುಗಳ ಭಾರ ಬೇರೆ. ಆದರೂ ಡಿಸ್ಕ್ ಸಮ. ಕೋಲ ಮತ್ತು ಪಾಷ್ಕನಿಗೆ ನೀರಿನ ಕಾಲುವೆಯ ವಿಷಯದಲ್ಲಿ ಮಾತು ಬಿಟ್ಟು ಬಹಳ ಕಾಲವಾಗಿದೆ. “ಅವನ ಗಾಡೀನೂ ಅವನ ಹಾಗೇ, ಕಲ್ಲು” ಎಂದು ಕೋಲ ಅದನ್ನು ತಳ್ಳಿಹಾಕಿದರು.

ಉತ್ತರ ಸಿಕ್ಕಿದ್ದು ಅಡುಗೆಯ ಒಲೆಯ ಬಳಿ. ಒಂದು ಭಾನುವಾರ ತಾಯಿ ವಿತೋರೆ ಅಂಗಳದಲ್ಲಿ ಫ್ಲಿಯಾ ಮಾಡುತ್ತಿದ್ದರು. ಹಿಟ್ಟನ್ನು ಪದರ ಪದರವಾಗಿ ಎರೆದು, ಪ್ರತಿ ಪದರದ ಮೇಲೂ ಕೆಂಡದಲ್ಲಿ ಕಾಯಿಸಿದ ಕಬ್ಬಿಣದ ಮುಚ್ಚಳವಿಟ್ಟು ಬೇಯಿಸಬೇಕು. ಅರ್ಧ ದಿನದ ತಾಳ್ಮೆ ಬೇಡುವ ತಿನಿಸು. ಕೆಂಡ ಜಾಸ್ತಿಯಾಯಿತೆಂದು ಕೋಲ ಉಪಕಾರಕ್ಕೆ ಹೋಗಿ ನೀರು ಚಿಮುಕಿಸಿದರು. ಅದು ಮುಚ್ಚಳದ ಮೇಲೆ ಬಿತ್ತು. ಟಣ್ ಎಂದು ಸದ್ದು. ಅಲ್ಲಿಂದ ಮುಚ್ಚಳ ಒಂದು ಕಡೆ ಎದ್ದು ನಿಂತಿತು, ಫ್ಲಿಯಾ ಒಂದು ಮಗ್ಗುಲು ಕಪ್ಪು, ಒಂದು ಮಗ್ಗುಲು ಹಸಿ.

“ಅಯ್ಯೋ ನಿನ್ನ ಕೈ ಸೇದಿಹೋಗ! ಕಾದ ಕಬ್ಬಿಣಕ್ಕೆ ತಣ್ಣೀರು ಹಾಕ್ತಾರೇನೋ? ನಮ್ಮತ್ತೆ ಕೊಟ್ಟ ಮುಚ್ಚಳ ಕಣೋ ಅದು!”

ವಿತೋರೆ ಬೈಯುತ್ತಲೇ ಇದ್ದರು. ದ್ರಾಂದೆ ಊಟಕ್ಕೆ ಕೂರಲಿಲ್ಲ. ಮರುದಿನ ಮುಂಜಾನೆ ಶೆಡ್ಡು ಬಿಟ್ಟು ರಸ್ತೆ ಬದಿಗೆ ಬಂದು ನಿಂತರು. ಮೊದಲ ವ್ಯಾನ್ ಘಾಟಿ ಇಳಿದು ಬಂತು, ಸುಟ್ಟ ವಾಸನೆ ಬೀರುತ್ತಾ. ಕೋಲ ಓಡಿ ಬಂದು, ಡ್ರೈವರ್ ಇಳಿಯುವ ಮೊದಲೇ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ಊಟೆಯ ನೀರನ್ನು ನೇರ ಚಕ್ರಗಳ ಮೇಲೆ ಬಿಟ್ಟರು. ಬುಸ್ಸೆಂದು ಹಬೆ ಎದ್ದಿತು. “ತಿಂಗಳುಗಟ್ಟಲೆ ಆ ಹಬೆ ಶೆಡ್ಡಿನ ಕಿಟಕಿಗೆ ಬಡೀತಿತ್ತು. ಕಿಟಕಿ ಮುಚ್ಚಿ ಕೆಲಸ ಮಾಡ್ತಿದ್ದೆ ನಾನು. ಮುಂಚೆ ಕಟ್ಟೇಲಿ ಬರೀ ಬಕೆಟ್ಟು ಇತ್ತು, ಚಕ್ರಕ್ಕೆ ಅಷ್ಟು ಬೀಳ್ತಿರ್ಲಿಲ್ಲ. ಕಳೆದ ಬೇಸಿಗೇಲಿ ದಪ್ಪ ಪೈಪು ಹಾಕಿಸ್ದ. ಅಲ್ಲಿಂದ ಶುರು.”

ಪಾಷ್ಕನ ಗಾಡಿ ಮಾತ್ರ ಕಟ್ಟೆಯಲ್ಲಿ ನಿಲ್ಲುವುದಿಲ್ಲ.

ಕೋಲನಿಗೆ ಹೇಳುವುದು ಹೇಗೆ? ಮನೆಗೆ ಬಂದವರ ಕೈಗೆ ಮೊದಲು ನೀರು ಹೊಯ್ಯುವುದು ನಮ್ಮ ಬೆಟ್ಟದ ಮನೆಗಳ ಮರ್ಯಾದೆ. ಕೋಲ ಅದನ್ನು ಕಟ್ಟೆಗೂ ತಂದಿದ್ದರು. ಘಾಟಿ ಇಳಿದು ದಣಿದ ಗಾಡಿಯೂ ಅತಿಥಿಯೇ. ಅದರ ಕೈ ಎಂದರೆ ಚಕ್ರ. ಹಾಗಾಗಿ ಚಕ್ರಕ್ಕೆ ಮೊದಲ ನೀರು, ಅದಕ್ಕೆ ಒಂದು ಕಾಸೂ ಇಲ್ಲ. ಆ ಮರ್ಯಾದೆಗಾಗಿಯೇ ಡ್ರೈವರುಗಳು ಬೇರೆ ಕಟ್ಟೆಗಳನ್ನು ದಾಟಿ ಇಲ್ಲಿಗೆ ಬರುತ್ತಿದ್ದರು.

ದ್ರಾಂದೆ ಹೇಳಿದಾಗ ಕೋಲನ ಮುಖ ಕೆಂಪಾಯಿತು. “ನನ್ನ ನೀರು ವಿಷ ಅಂತೀಯಾ? ಬಂದವರಿಗೆ ನೀರು ಕೊಡಬೇಡ ಅಂತ ನಮ್ಮಪ್ಪನ ಮಗಳು ಹೇಳೋದಾ?”

“ಕೊಡಬೇಡ ಅಂದೆನೇನೋ? ತಡೆದು ಕೊಡು ಅಂದೆ.”

“ನಿನ್ನ ಲೇತು ಸೊಟ್ಟ. ಅದನ್ನ ನನ್ನ ನೀರಿನ ತಲೆಗೆ ಕಟ್ಟಬೇಡ.”

ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲವೆಲ್ಲಾ ಅವರಿಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿದರು, ಮಾತಿಲ್ಲದೆ. ಉಪ್ಪು ಬೇಕಾದರೂ ತಾಯಿಯ ಮೂಲಕ ಕೇಳಿದರು. ಕೊನೆಗೆ ಗೋಡೆಯ ಬದಿ ಜಪಸರ ಎಣಿಸುತ್ತಿದ್ದ ವಿತೋರೆಯೇ ಬಾಯಿ ಬಿಟ್ಟರು.

“ಕೋಲ, ನಿಮ್ಮಜ್ಜನ ಕಾಲದಲ್ಲಿ ಅತಿಥಿಗಳು ಕುದುರೆ ಮೇಲೆ ಬರ್ತಿದ್ರು. ಬೆವರಿಳೀತಿದ್ದ ಕುದುರೇನ ನಿಮ್ಮಜ್ಜ ಸೀದಾ ನೀರಿಗೆ ಬಿಡ್ತಿದ್ರೇನು?”

ಉತ್ತರ ಕೋಲನಿಗೂ ಗೊತ್ತಿತ್ತು, ನಮ್ಮೆಲ್ಲರಿಗೂ ಗೊತ್ತು. ಚಳಿಗಾಲದ ಬೆಂಕಿಯ ಮುಂದೆ ಹಿರಿಯರು ಒಂಟಿ ತಂತಿಯ ಲಾಹುತಾ ಮೀಟಿ ಹಾಡುತ್ತಿದ್ದ ಕತೆಗಳಲ್ಲಿ ವೀರ ಎಷ್ಟೇ ದೂರದಿಂದ ಬರಲಿ, ಮನೆಯವರು ಮೊದಲು ಲಗಾಮು ಹಿಡಿದು ಕುದುರೆಯನ್ನು ಅಂಗಳದಲ್ಲಿ ನಡೆಸಾಡಿಸುತ್ತಾರೆ. ಅದರ ಉಸಿರು ತಗ್ಗಬೇಕು, ಬೆವರು ಆರಬೇಕು. ನೀರು ಆಮೇಲೆ. ಕುದುರೆ ಆರುವವರೆಗೆ ಕಾಯದ ಮನೆಯನ್ನು ಯಾವ ಹಾಡೂ ಹೊಗಳಿಲ್ಲ.

ಮರುದಿನ ಕೋಲ ಷರತ್ತು ಹಾಕಿದರು. ಜೋವಲಿನ್ನನ ವ್ಯಾನಿಗೆ ಹೊಸ ಡಿಸ್ಕ್. ಸಂತ ಅಂತೋನಿಯ ಜಾತ್ರೆಯವರೆಗೆ ಯಾವ ಬಿಸಿ ಚಕ್ರಕ್ಕೂ ನೀರಿಲ್ಲ. ಆಮೇಲೆ ಡಯಲಿನ ಮುಳ್ಳು ಹೇಳಿದಂತೆ: ಅಲುಗದಿದ್ದರೆ ಡಿಸ್ಕ್ ಸಮ, ಓಡಾಡಿದರೆ ಸೊಟ್ಟ.

“ಆಡ್ಕೊಳ್ಳೋರು ನನ್ನನ್ನ ಆಡ್ಕೊಳ್ತಾರೆ, ನಿನ್ನನ್ನಲ್ಲ. ಸೊಟ್ಟಗಾದ್ರೆ ಏನು ಮಾಡ್ತೀಯ?”

“ಬಾಗಿಲು ಹಾಕ್ತೀನಿ.”

ಆಡಿಕೊಂಡರು, ನಿಜ. ನೀರು ಕೇಳಿ ಬಂದ ಡ್ರೈವರುಗಳನ್ನು ಕೋಲ ಮೊದಲು ಕೂರಿಸಿದರು, ಕಾಫಿ ಕೊಟ್ಟರು, ಪೈಪಿನ ಬಾಯನ್ನು ಮಡಚಿ ಅದರ ಮೇಲೆ ತಾವೇ ಕೂತರು. ಕೆಲವರು ಮುಂದಿನ ಕಟ್ಟೆಗೆ ಹೋದರು. ಉಳಿದವರು ಗೊಣಗಿದರು. “ಕೋಲ, ನೀರು ಕೇಳಿದ್ರೆ ಕಾಫಿ ಕೊಡ್ತೀಯ, ಕಾಫಿ ಕೇಳಿದ್ರೆ ಕುದುರೆ ಕತೆ ಹೇಳ್ತೀಯ” ಎಂದು ಜೋವಲಿನ್ ಛೇಡಿಸಿದ್ದಕ್ಕೆ ಕೋಲ ಹೇಳಿದ್ದಿಷ್ಟೇ: “ನಿನ್ನ ಕುದುರೆ ಆರಲಿ, ಆಮೇಲೆ ನೀನು ಬಾಯಿ ಬಿಡು.”

ಇಗರ್ಜಿಯ ಗಂಟೆ ಬಾರಿಸುತ್ತದೆ. ದ್ರಾಂದೆ ಶಿಲುಬೆಯ ಗುರುತು ಹಾಕಿಕೊಂಡು ಏಳುತ್ತಾರೆ. ಅಂಗೈಯ ಹಿಂಬದಿಯನ್ನು ಡಿಸ್ಕಿಗೆ ಒತ್ತಿ ಹಿಡಿಯುತ್ತಾರೆ, ಮಗುವಿನ ಹಣೆ ನೋಡುವ ಹಾಗೆ. ಆರಿದೆ. ನಟ್ಟುಗಳನ್ನು ಎದುರುಬದುರಾಗಿ, ಒಂದೊಂದೇ ಸುತ್ತು ಬಿಗಿದು ಡಿಸ್ಕನ್ನು ಹಬ್ಬಿಗೆ ಒತ್ತಿ ಕೂರಿಸುತ್ತಾರೆ. ಡಯಲಿನ ಮೊನೆ ಡಿಸ್ಕಿನ ಮೈಯನ್ನು ತಾಗುತ್ತದೆ. ಅವರು ಮೆಲ್ಲಗೆ ತಿರುಗಿಸುತ್ತಾರೆ.

ಮುಳ್ಳು ಅಲುಗಿತೆಂದರೆ ಅಲುಗಿತು, ಇಲ್ಲವೆಂದರೆ ಇಲ್ಲ. ಮಲಗಿದ ಬೆಕ್ಕಿನ ಹೊಟ್ಟೆ ಏರಿಳಿದಷ್ಟು.

ಜೋವಲಿನ್ ಚಪ್ಪಾಳೆ ತಟ್ಟುತ್ತಾರೆ. “ಗೆದ್ರಿ ಅಕ್ಕ!”

“ಕಿರುಚ್ಬೇಡ. ಇನ್ನೊಂದು ಪಕ್ಕ ಇದೆ.”

ಎಡ ಚಕ್ರ ಬಿಚ್ಚುತ್ತಾರೆ. ಮೊನೆ ತಾಗುತ್ತದೆ, ಡಿಸ್ಕ್ ತಿರುಗುತ್ತದೆ. ಮುಳ್ಳು ಒಮ್ಮೆಗೇ ಓಡಿ, ಮರಳಿ, ಮತ್ತೆ ಅದೇ ಜಾಗಕ್ಕೆ ಓಡುತ್ತದೆ. ಜೋವಲಿನ್ನನ ನಗು ನಿಲ್ಲುತ್ತದೆ. ದ್ರಾಂದೆ ಇನ್ನೊಮ್ಮೆ ತಿರುಗಿಸುತ್ತಾರೆ. ಅದೇ ಓಟ. ಅವರ ಕೈ ಡಿಸ್ಕಿನ ಮೇಲೆ ಹಾಗೇ ನಿಲ್ಲುತ್ತದೆ.

ಆಗ ಕೋಲ ಹೊಸ್ತಿಲು ದಾಟಿ ಒಳಗೆ ಬರುತ್ತಾರೆ, ಜಗಳವಾದ ಮೇಲೆ ಮೊದಲ ಸಲ. ಬಗ್ಗಿ ಮುಳ್ಳನ್ನು ನೋಡುತ್ತಾರೆ. ನೋಡು, ನಾನು ಹೇಳಲಿಲ್ಲವೇ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

“ನಾನು ನೀರು ಹಾಕಿಲ್ಲ ಕಣೇ” ಎನ್ನುತ್ತಾರೆ ಮೆಲ್ಲಗೆ. “ಒಂದು ದಿನವೂ ಹಾಕಿಲ್ಲ.” ಮತ್ತೆ ಜೋವಲಿನ್ ಕಡೆ ತಿರುಗಿ, “ಈ ಚಕ್ರ ಯಾರಾದ್ರೂ ಬಿಚ್ಚಿದ್ರಾ?”

ಜೋವಲಿನ್ ತಲೆ ಕೆರೆದುಕೊಳ್ಳುತ್ತಾರೆ. “ಮೊನ್ನೆ ಮೇಲೆ ಪಂಚರ್ ಆಯ್ತು. ಮಳೇಲಿ, ರಸ್ತೆ ಬದೀಲೇ ಬದಲಾಯಿಸ್ದೆ. ಡಿಸ್ಕು ಕೈಗೆ ಬಂತು, ಮತ್ತೆ ಹಾಗೇ ಸಿಕ್ಸಿದೆ.”

ಗೋಡೆಯ ಮೊಳೆಗೆ ತೂಗುಹಾಕಿದ್ದ ತಂತಿ ಬ್ರಷ್ಷನ್ನು ಕೋಲ ತಾವೇ ತೆಗೆದು ಅಕ್ಕನ ಕೈಗೆ ಕೊಡುತ್ತಾರೆ. “ಕಲ್ಲು ತೆಗೆದು ನೋಡು.”

ದ್ರಾಂದೆ ಡಿಸ್ಕ್ ಕಳಚುತ್ತಾರೆ. ಹಬ್ಬಿನ ಮೇಲೆ ಮಣ್ಣು ಮತ್ತು ತುಕ್ಕು ಕೂಡಿ ಗಟ್ಟಿಯಾದ ಒಂದು ಚಕ್ಕೆ, ಮಸೂರ ಬೇಳೆಯಷ್ಟೂ ಇಲ್ಲ. “ಇನ್ನೂ ಕೈಗೆ ಸಿಗೋಷ್ಟು ನಡುಕ ಬಂದಿರ್ಲಿಲ್ಲ. ಹೀಗೇ ಓಡಿಸಿದ್ರೆ ಡಿಸ್ಕನ್ನೇ ಒಂದು ಕಡೆ ತಿಂದುಬಿಡ್ತಿತ್ತು” ಎನ್ನುತ್ತಾ ಉಜ್ಜುತ್ತಾರೆ, ಒರೆಸುತ್ತಾರೆ, ಬೆರಳಾಡಿಸುತ್ತಾರೆ, ಮತ್ತೆ ಉಜ್ಜುತ್ತಾರೆ. ಡಿಸ್ಕ್ ಕೂರಿಸಿ, ನಟ್ಟು ಬಿಗಿದು, ಡಯಲ್ ಇಟ್ಟು ಪಕ್ಕಕ್ಕೆ ಸರಿಯುತ್ತಾರೆ. “ಈ ಸಲ ನೀನು ತಿರುಗಿಸು.”

ಕೋಲ ತಿರುಗಿಸುತ್ತಾರೆ. ಮುಳ್ಳು ಮಲಗಿದ ಬೆಕ್ಕು.

“ಇಷ್ಟೇನಾ?”

“ಇಷ್ಟೇ.”

“ಇನ್ನೊಂದ್ಸಲ ತಿರುಗಿಸ್ಲಾ?”

“ತಿರುಗಿಸಪ್ಪ, ನಿನ್ನ ಆಸೆ ತೀರೋವರೆಗೂ ತಿರುಗಿಸು. ಜೋವಲಿನ್ ಮಾತ್ರ ಜಾತ್ರೆ ಮುಗಿದ ಮೇಲೆ ಹೊರಡ್ಲಿ.”

ಬಿಸಿಲು ಈಗ ತಗಡಿನ ಅಂಚಿಗೆ ಬಂದಿದೆ. ಕಟ್ಟೆಯಲ್ಲಿ ಆಗಲೇ ಎರಡು ವ್ಯಾನುಗಳು ನಿಂತಿವೆ, ಒಣ ಚಕ್ರಗಳೊಂದಿಗೆ, ಹಬೆಯಿಲ್ಲದೆ. ಡ್ರೈವರುಗಳು ಚಪ್ಪರದ ಕೆಳಗೆ ಕಾಫಿ ಹೀರುತ್ತಿದ್ದಾರೆ. ಪಾಷ್ಕ ಇನ್ನೂ ನಿಲ್ಲುವುದಿಲ್ಲ, ಆದರೆ ಇತ್ತೀಚೆಗೆ ದಾಟುವಾಗ ಹಾರನ್ ಹೊಡೆಯುತ್ತಾರಂತೆ. ಬೈಗುಳದ ಹಾರನ್ನೋ ನಮಸ್ಕಾರದ್ದೋ ಎಂದು ಕೋಲನಿಗೆ ಇನ್ನೂ ತೀರ್ಮಾನವಾಗಿಲ್ಲ.

ಕೋಲ ಒಂದು ಹೂಜಿಯಲ್ಲಿ ನೀರು, ಹೆಗಲ ಮೇಲೆ ಟವೆಲ್ ತರುತ್ತಾರೆ. ಅತಿಥಿಗೆ ತರುವ ಹಾಗೆ. ಅಕ್ಕನ ಮಸಿ ಹಿಡಿದ ಕೈಗಳ ಮೇಲೆ ಹೂಜಿ ಬಗ್ಗಿಸಿ, ಹೊಯ್ಯದೆ ಹಾಗೇ ಹಿಡಿಯುತ್ತಾರೆ.

“ಆರಿದೆಯೇನೇ ಕೈ?”

“ಆರಿದೆ, ಹೊಯ್ಯೋ.”

ಕೈ ತೊಳೆಯುತ್ತಿರುವ ದ್ರಾಂದೆಯನ್ನು ನಿಮಗೇನು ಆಸೆ ಎಂದು ಕೇಳುತ್ತೇನೆ. ಸಂತ ಅಂತೋನಿಯ ಹತ್ತಿರ ಏನು ಬೇಡಿಕೊಳ್ಳುತ್ತೀರಿ? ಹೊಸ ಲೇತೇ? ರಸ್ತೆಗೆ ಕಾಣುವ ಫಲಕವೇ? ಅವರು ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾರೆ.

“ಇವತ್ತು ಸಂಜೆ ಜೋವಲಿನ್ ಜೊತೆ ಮೇಲಿನ ಹಳ್ಳಿಗೆ ಹೋಗ್ತೀನಿ. ಅಲ್ಲಿ ನನ್ನ ನಾದಿನಿ ಇದ್ದಾಳೆ. ನಾಳೆ ಅವಳ ಪಕ್ಕ ಕೂತು ಎಲ್ಲರ ಜೊತೆ ಘಾಟಿ ಇಳೀತೀನಿ. ಇಷ್ಟು ವರ್ಷ ಒಂದು ತಿರುವಲ್ಲೂ ಕಣ್ಣು ಮುಚ್ಚಿ ಆರಾಮಾಗಿ ಕೂತಿಲ್ಲ ನಾನು, ಕಾಲು ಒತ್ತೀ ಒತ್ತೀ ನೋವು ಬರುತ್ತೆ. ನಾಳೆ ಅವಳ ಭುಜಕ್ಕೆ ಒರಗಿ ನಿದ್ದೆ ಮಾಡ್ಬೇಕು. ನೆತ್ತಿಯಿಂದ ಬುಡದವರೆಗೆ.”

ವ್ಯಾನಿನ ಬಾಗಿಲಲ್ಲಿ ನಿಂತ ಜೋವಲಿನ್ ಕಡೆ ತಿರುಗಿ ಹೇಳುತ್ತಾರೆ, “ಕೆಳಗೆ ಬಂದ ಮೇಲೂ ಎಬ್ಬಿಸ್ಬೇಡ. ಗಾಡಿ ಆರೋವರೆಗೆ ಮಲಗಿರ್ತೀನಿ.”